ಕೌಲ್ ಬಜಾರ್ ಬೈಂಡಿಂಗ್ ಅಂಗಡಿ: ಹೊಲಿಗೆ ಸೂಪರ್, ಅಂಚು ಮಾತ್ರ ಕಟ್ ಮಾಡೋಕೆ ಬಿಡಬ್ಯಾಡ್ರಿ

ಬಳ್ಳಾರಿಯಾಗೆ ಹಳೇ ಪುಸ್ತಕ ಬೈಂಡ್ ಮಾಡ್ಸೋರು ಇದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಕೌಲ್ ಬಜಾರ್ ಒಳಗೆ ಸಣ್ಣ ಓಣಿ, ಅಂಗಡಿಗೆ ಬೋರ್ಡು ಗೀರ್ಡು ಏನಿಲ್ಲ, ಬಾಗಿಲ ಹತ್ರ ಪ್ರಾಕ್ಟಿಕಲ್ ನೋಟ್ಸು, ಆಫೀಸ್ ರಿಜಿಸ್ಟರು ಎದೆಮಟ್ಟ ಪೇರಿಸಿರ್ತಾರೆ ಅದೇ ಗುರುತು. ಚಾಚಾ ಮತ್ತೆ ಅವರ ಮಗ, ಇಬ್ರೇ.

ನಾನು ಒಯ್ದಿದ್ದು ನನ್ನ ಸತ್ಯವೇದ, ಅಂದ್ರೆ ಕನ್ನಡ ಬೈಬಲ್. ವರ್ಷಾನುಗಟ್ಲೆ ಬ್ಯಾಗಲ್ಲಿ, ಬೈಕಲ್ಲಿ, ಮಳೇಲಿ ತಿರುಗಿ ಬೆನ್ನೇ ಹೋಗಿತ್ತು, ಆದಿಕಾಂಡ ಒಂದು ಕಡೆ ಪ್ರಕಟನೆ ಒಂದು ಕಡೆ, ನಡುವೆ ರಬ್ಬರ್ ಬ್ಯಾಂಡು. ಹೊಸದು ತಗೊಳ್ಳಪ್ಪ ಅಂತ ಎಲ್ರೂ ಅಂದ್ರು, ಬೈಂಡಿಂಗ್ ರೊಕ್ಕಕ್ಕೆ ಹೆಚ್ಚು ಕಮ್ಮಿ ಹೊಸದೇ ಬರುತ್ತೆ ಅನ್ನೋದೂ ನಿಜ. ಆದ್ರೆ ಇದು ಕೊಂಡಿದ್ದಲ್ಲ.

2009ರಲ್ಲಿ ಅಪ್ಪನ್ನ ಸಿರುಗುಪ್ಪ ಕಡೆ ನಮ್ಮೂರಿಂದ ಬಳ್ಳಾರಿಯ ವಿಮ್ಸ್ ಆಸ್ಪತ್ರೆಗೆ ತಂದು ಹಾಕಿದ್ವಿ. ಪಕ್ಕದ ಮಂಚದಾಗೆ ಆದೋನಿ ಕಡೆ ತವರಿನ ಒಬ್ಬ ಅಮ್ಮ, ಗಂಡನ್ನ ನೋಡ್ಕೊಂಡಿದ್ರು. ರಾತ್ರಿ ನಿದ್ದೆ ಬರದೆ ಕೂತಿದ್ರೆ ಓದು ಅಂತ ಇದನ್ನ ಕೈಗೆ ಕೊಟ್ರು. ನಾನು ಎಲ್ಲೋ ತೆಗೆದ್ರೆ ಯೋಬನ ಗ್ರಂಥ ಬಂತು, ಒಳ್ಳೇ ಮನುಷ್ಯನ ಮೈ ತುಂಬ ಹುಣ್ಣು, ಗೆಳೆಯರು ಬಂದು ನಿಂದೇ ತಪ್ಪು ಅಂತಾರೆ, ನಮ್ಮ ಸಂಬಂಧಿಕರೂ ಅದೇ ಅಂತಿದ್ರಲ್ಲ, ಸಿಟ್ಟು ಬಂದು ಬೆಳಗ್ಗೆ ತನಕ ಓದಿದೆ. ಪವಾಡ ಏನೂ ಆಗ್ಲಿಲ್ರಿ, ಅಪ್ಪ ಉಳೀಲಿಲ್ಲ. ಹನ್ನೊಂದನೇ ದಿನಕ್ಕೆ ಆ ಅಮ್ಮ ಬಸ್ ಹತ್ತಿ ನಮ್ಮೂರಿಗೆ ಬಂದು, ಅವ್ವನ ಪಕ್ಕ ಕೂತು ಬಂದೋರಿಗೆಲ್ಲ ರೊಟ್ಟಿ ಬಡಿದು ಸಂಜೆ ಹೋದ್ರು. ಒಂದು ಮಾತೂ ಬೋಧನೆ ಮಾಡ್ಲಿಲ್ಲ. ನನ್ನ ತಲೇಲಿ ಕೂತಿದ್ದು ಆ ರೊಟ್ಟಿ.

ಕ್ರೈಸ್ತನಾಗಿ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡಿದ್ದು 2013ರಲ್ಲಿ, ಅದೂ ಕಾಲುವೆಗೆ ನೀರು ಬಿಟ್ಟಿರ್ಲಿಲ್ಲ ಅಂತ ಎರಡು ತಿಂಗಳು ಕಾದ್ಮೇಲೆ. ಅವ್ವ ಆರು ತಿಂಗಳು ಮಾತಾಡ್ಲಿಲ್ಲ, ಈಗ ಮಾತಾಡ್ತಾಳೆ, ಆದ್ರೆ ನಾನು ಮಾಡೋ ಪೂರ್ಣಾವಧಿ ಕ್ರೈಸ್ತ ಸೇವೆ ಅಂದ್ರೆ ಏನು ಕೆಲಸ ಅಂತ ಇನ್ನೂ ಅರ್ಥ ಆಗಿಲ್ಲ ಪಾಪ. ಕೆಲಸ ಏನಂದ್ರೆ ಮೆಣಸಿನಕಾಯಿ ಬಿಡಿಸೋ ಸೀಜನ್ನಾಗೆ ಹೊಲದ ಗುಡಿಸಲುಗಳಿಗೆ ಹೋಗೋದು, ಸಂಜೆ ಹುಡುಗ್ರಿಗೆ ಕಾಗುಣಿತ ಮಗ್ಗಿ, ಯಾರಿಗಾದ್ರೂ ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಪ್ರಾರ್ಥನೆ ಮಾಡು ಅಂದೋರಿಗೆ ಪ್ರಾರ್ಥನೆ.

ಹಂಗಾಗಿ ಚಾಚಾ ಬೆನ್ನು ಬಿಚ್ಚಿದ ತಕ್ಷಣ ಆಕ್ಷೀ ಅಂತ ನಾಲ್ಕು ಸಲ ಸೀನಿದ್ರು! ಹಾಳೆ ಸಂದೀಲಿ ಮೆಣಸಿನಕಾಯಿ ಪುಡಿ. ಬ್ರಷ್ ತಗೊಂಡು ಜಾಡಿಸಿ, ಆಮೇಲೆ ಕೈ ತೊಳ್ಕೊಂಡು ಬಂದು, "ಇಂಜೀಲ್ ಐತಲ್ಲ ಇದ್ರಾಗೆ" (ಯೇಸುವಿನ ಸುವಾರ್ತೆಗೆ ಮುಸ್ಲಿಮರು ಹಂಗಂತಾರೆ) ಅಂದು ಕುರಾನ್ ಇಡೋ ಮೇಲಿನ ಹಲಗೆ ಮೇಲೇ ಇಟ್ರು, ನೆಲಕ್ಕೆ ಇಡ್ಲಿಲ್ಲ. ಅಲ್ಲೇ ನನಗೆ ಇಷ್ಟ ಆಗಿದ್ದು.

ಕೆಲಸ ನಿಧಾನ. ಎಂಟು ದಿನ ಅಂದೋರು ಹತ್ತೊಂಬತ್ತು ದಿನ ಮಾಡಿದ್ರು. ಹಳೇ ಗೋಂದೆಲ್ಲ ಕೆರೆದು, ಹರಿದ ಮಡಿಕೆಗೆ ತೆಳ್ಳನೆ ಕಾಗದ ಅಂಟಿಸಿ, ಮೇಣ ಹಚ್ಚಿದ ದಾರದಾಗೆ ಒಂದೊಂದೇ ಕಟ್ಟು ಕೈಯಲ್ಲಿ ಹೊಲಿದಾರೆ. ಮೈದಾ ಅಂಟಿಗೆ ಮೈಲುತುತ್ತು ಹಾಕ್ತಾರೆ, ಹುಳ ಬರಲ್ಲ. ಮೇಲೆ ಕಪ್ಪು ರೆಕ್ಸಿನ್. 350 ರೂಪಾಯಿ. ಈಗ ಎಲ್ಲೇ ತೆಗೆದ್ರೂ ಪಟ್ಟಂತ ಅಗಲಾಗಿ ಕೂರುತ್ತೆ, ಒಂದು ಕೈಯಾಗೆ ಟಾರ್ಚು ಒಂದು ಕೈಯಾಗೆ ಪುಸ್ತಕ ಹಿಡಿದು ನಿಂತು ಓದೋನಿಗೆ ಇದರ ಬೆಲೆ ಗೊತ್ತು.

ಈಗ ಬೇಜಾರಿನ ವಿಷ್ಯ. ಮಗ ಅಂಚು ನೀಟ್ ಆಗ್ಲಿ ಅಂತ ಕೇಳ್ದೆನೇ ಮೆಷಿನ್‌ಗೆ ಕೊಟ್ಟು ಕಟ್ ಮಾಡ್ಬಿಟ್ಟ. ಯೋಬನ ಗ್ರಂಥದ ಪಕ್ಕ ಆ ಅಮ್ಮ ಪೆನ್ಸಿಲ್ಲಾಗೆ ತೆಲುಗಲ್ಲಿ ಬರ್ದಿದ್ರು, "ಈ ರೋಜು ಜ್ವರಂ ತಗ್ಗಿಂದಿ" ಅಂತ, ಅಂದ್ರೆ ಇವತ್ತು ಜ್ವರ ಕಡಿಮೆ ಆಯ್ತು ಅಂತ, ಅವರ ಗಂಡಂಗೆ. ಈಗ "ಈ ರೋಜು ಜ್ವರಂ" ಅಷ್ಟೇ ಉಳಿದೈತೆ. ಕಡಿಮೆ ಆಗಿದ್ದು ಕಸದಬುಟ್ಟಿಗೆ ಹೋಯ್ತು. ಚಾಚಾ ಮಗಂಗೆ ಬೈದ್ರು, ನಂಗೆ 50 ರೂಪಾಯಿ ವಾಪಸ್ ಕೊಡೋಕೆ ಬಂದ್ರು, ತಗೊಳ್ಳಲಿಲ್ಲ.

ಕಾಯ್ತಾ ಕೂತಾಗ ಚಾಚಾಗೆ ಸ್ವಲ್ಪ ಬಡಾಯಿನೂ ಕೊಚ್ಚಿದ್ದೆ, ಈ ಕನ್ನಡ ಬೈಬಲ್‌ಗೂ ನಮ್ಮ ಬಳ್ಳಾರಿಗೂ ನಂಟು ಐತೆ, ಜಾನ್ ಹ್ಯಾಂಡ್ಸ್ ಅನ್ನೋರು 1810ರಲ್ಲಿ ಲಂಡನ್ ಮಿಷನ್‌ನಿಂದ ಬಳ್ಳಾರಿಗೆ ಬಂದು ಕನ್ನಡ ಕಲ್ತು ಅನುವಾದಕ್ಕೆ ಕೂತ್ರು, ಪೂರ್ತಿ ಬೈಬಲ್ ಆಗೋಕೆ 1831 ಬಂತು, ಮಂಗಳೂರಾಗೆ ಕಲ್ಲಚ್ಚಿನಲ್ಲಿ ಬರ್ತಿದ್ದ ಮಂಗಳೂರ ಸಮಾಚಾರ ಪತ್ರಿಕೆನೂ 1844ರಲ್ಲಿ ಇಲ್ಲಿಗೇ ಬಂದು ಕನ್ನಡ ಸಮಾಚಾರ ಅಂತ ಅಚ್ಚಾಯ್ತು ಅಂತೆಲ್ಲ. ಚಾಚಾ ಸೂಜಿಗೆ ದಾರ ಪೋಣಿಸ್ತಾ, "ಹೊಲಿದೋರ ಹೆಸ್ರು ಬರ್ದಾರೇನಪ್ಪ ಎಲ್ಲಾದ್ರೂ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

5ಕ್ಕೆ 4 ಕೊಡ್ತೀನಿ. ಫೋನ್‌ಪೇ ಇಲ್ಲ, ಕ್ಯಾಶ್ ಒಯ್ರಿ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತೆ. ಕೊಡೋವಾಗ ಮೊದಲ ಹಾಳೆ ಮೇಲೆ ದಪ್ಪಗೆ "ಅಂಚು ಕಟ್ ಮಾಡಬಾರದು" ಅಂತ ಚೀಟಿ ಅಂಟಿಸಿ ಕೊಡ್ರಿ, ಮುಂದಿನ ವಾರ ನಮ್ಮ ಸಭೆಯ ಹಾಡಿನ ಪುಸ್ತಕ ಒಯ್ತಿದೀನಿ, ಚೀಟಿ ಈಗ್ಲೇ ರೆಡಿ ಐತೆ.