ನಾಲ್ಕು ಚಳಿಗಾಲ ಕಂಡ ನನ್ನ ಪೆಲೆಟ್ ಸ್ಮೋಕರ್: ಚೈನಾದ್ದಾ, ಅಮೆರಿಕದ್ದಾ?

ಪೆಲೆಟ್ ಸ್ಮೋಕರ್, ಅಂದರೆ ಮರದ ಪುಡಿಯ ಉಂಡೆ ಉರಿಸಿ ಹೊಗೆಯಲ್ಲಿ ಮಾಂಸ ಬೇಯಿಸುವ ಯಂತ್ರ, ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಕಳೆದ ಬೇಸಿಗೆಯಿಂದ ನಾಲ್ಕೈದು ಗೆಳೆಯರು ಕೇಳಿದ್ದಾರೆ. ಎಲ್ಲರ ಎರಡನೇ ಪ್ರಶ್ನೆ ಒಂದೇ. "ಚೈನಾದ್ದಾ, ಇಲ್ಲೇ ಮಾಡಿದ್ದಾ?" ಫೋನಿನಲ್ಲಿ ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಕ್ಯಾನ್ಸಸ್ ಸಿಟಿ ಹತ್ತಿರ. ಬಾರ್ಬೆಕ್ಯೂ ಅಂದರೆ ಇಲ್ಲಿನವರಿಗೆ ಪ್ರಾಣ. ಅಮೆರಿಕನ್ ರಾಯಲ್ ಬಾರ್ಬೆಕ್ಯೂ ಸ್ಪರ್ಧೆ 1980ರಲ್ಲಿ ಇಲ್ಲೇ ಶುರುವಾಯಿತು. ದನದ ಎದೆಯ ಮಾಂಸವಾದ ಬ್ರಿಸ್ಕೆಟ್‌ನ ತುದಿಯನ್ನು ಕಪ್ಪಗೆ, ಗರಿಯಾಗಿ ಬೇಯಿಸಿದ ಬರ್ನ್ಟ್ ಎಂಡ್ಸ್ ಇಲ್ಲಿಯದೇ ತಿನಿಸು. ನಾನು ಸೋಮವಾರಪೇಟೆ ಕಡೆಯವನು. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ ಹಂದಿ ಮಾಂಸ ತಿಂದು ಬೆಳೆದವನು. ಹಾಗಾಗಿ ಹೊಗೆಯ ರುಚಿ ನನಗೆ ಹೊಸದಲ್ಲ. ಹೊಸದಾಗಿದ್ದು ಅದಕ್ಕೊಂದು ಕರೆಂಟಿನ ಯಂತ್ರ ಇದೆ ಅನ್ನೋದು.

ಆರು ವರ್ಷದಲ್ಲಿ ನನ್ನ ಹತ್ತಿರ ಎರಡು ಸ್ಮೋಕರ್ ಇದ್ದವು. ಮೊದಲನೆಯದು ಚೈನಾದಲ್ಲಿ ತಯಾರಾದದ್ದು, ಸುಮಾರು 900 ಡಾಲರ್. ಎರಡು ಚಳಿಗಾಲ ಬಳಸಿದೆ. ಎರಡನೆಯದು ಅಮೆರಿಕದಲ್ಲೇ ತಯಾರಾದದ್ದು, ಸುಮಾರು 2,400 ಡಾಲರ್. ಅದಕ್ಕೀಗ ನಾಲ್ಕು ಚಳಿಗಾಲ ಆಗಿದೆ. ಎರಡರಲ್ಲೂ ತೊಂದರೆ ಬಂದವು. ಎರಡೂ ಕಂಪನಿಗಳ ಹೆಸರು ಬರೆಯುವುದಿಲ್ಲ. ಹೆಸರು ಬಂದ ಕೂಡಲೇ ಮಾತೆಲ್ಲ ಬ್ರ್ಯಾಂಡಿನ ಜಗಳಕ್ಕೇ ಹೋಗಿಬಿಡುತ್ತದೆ.

ಆ ಜಗಳದ ಮೂಲ ಮಾತ್ರ ತಿಳಿದಿರಲಿ. ಪೆಲೆಟ್ ಗ್ರಿಲ್ (ಈ ಸ್ಮೋಕರ್‌ಗೇ ಇನ್ನೊಂದು ಹೆಸರು) ಹುಟ್ಟಿದ್ದು ಒರೆಗನ್ ರಾಜ್ಯದ ಮೌಂಟ್ ಏಂಜಲ್ ಎಂಬ ಸಣ್ಣ ಊರಿನಲ್ಲಿ. ಜೋ ಟ್ರೇಗರ್ ಎಂಬವರು 1980ರ ದಶಕದ ಮಧ್ಯದಲ್ಲಿ ಇದನ್ನು ಮಾಡಿ ಪೇಟೆಂಟ್ ಪಡೆದರು. ಪೇಟೆಂಟ್ ಇರುವಷ್ಟು ಕಾಲ ಟ್ರೇಗರ್ ಅಂದರೇನೇ ಪೆಲೆಟ್ ಗ್ರಿಲ್. 2006ರಲ್ಲಿ ಪೇಟೆಂಟ್ ಮುಗಿಯಿತು. ಅದೇ ವರ್ಷ ಕುಟುಂಬದವರು ಕಂಪನಿ ಮಾರಿದರು. ಆಮೇಲೆ ಬೇರೆ ಕಂಪನಿಗಳೂ ನುಗ್ಗಿದವು. ಕೆಲವೇ ವರ್ಷಗಳಲ್ಲಿ ಟ್ರೇಗರ್ ತಯಾರಿಕೆ ಚೈನಾಕ್ಕೆ ಹೋಯಿತು. ಹಳೇ ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ಇದು ನೋವಾಯಿತು. ಇನ್ನೆಷ್ಟೋ ಜನ ಅದೇ ಹೆಸರಿಗೆ ಅಂಟಿಕೊಂಡರು. ಇನ್ನೊಂದು ಕಡೆ, ಇಲ್ಲೇ ತಯಾರಿಸುವ ಸಣ್ಣ ಕಂಪನಿಗಳಿವೆ. ನಮ್ಮದೇ ಕ್ಯಾನ್ಸಸ್ ರಾಜ್ಯದ ಹಚಿನ್ಸನ್‌ನಲ್ಲಿ ಯೋಡರ್, ಒರೆಗನ್‌ನ ಡಲ್ಲಸ್ ಎಂಬ ಊರಿನಲ್ಲಿ ಮ್ಯಾಕ್, ಹ್ಯೂಸ್ಟನ್‌ನಲ್ಲಿ ಪಿಟ್ಸ್ ಅಂಡ್ ಸ್ಪಿಟ್ಸ್. ಈ ಎರಡು ಬಗೆಯ ನಡುವೆ ರೆಕ್‌ಟೆಕ್ ಥರದವೂ ಇವೆ. ಕಂಪನಿ ಜಾರ್ಜಿಯಾ ರಾಜ್ಯದ್ದು, ತಯಾರಿಕೆ ಚೈನಾದ್ದು, ಸ್ಟೇನ್‌ಲೆಸ್ ಸ್ಟೀಲ್ ಧಾರಾಳವಾಗಿ ಹಾಕುತ್ತಾರೆ.

ನಮ್ಮಲ್ಲೇ ತಯಾರಾದದ್ದು ಅನ್ನುವ ಈ ಅಭಿಮಾನ ನನಗೆ ಅರ್ಥವಾಗುತ್ತದೆ. ನಮ್ಮಪ್ಪ ಯೆಜ್ಡಿ ಓಡಿಸುತ್ತಿದ್ದರು. ನಮ್ಮ ಮೈಸೂರಲ್ಲೇ ತಯಾರಾದ ಗಾಡಿ ಅಂತ ಅದರ ಮೇಲೆ ಅವರಿಗೆ ವಿಶೇಷ ಪ್ರೀತಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೂ ಅಪ್ಪ ಗಾಡಿ ಬಿಡಲಿಲ್ಲ. ಒಂದು ಕೇಬಲ್ ಬೇಕಾದರೂ ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ಹುಡುಕುತ್ತಿದ್ದರು. ಸ್ಮೋಕರ್ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಆ ಹುಡುಕಾಟವೇ.

ಸ್ಮೋಕರ್ ಒಳಗೆ ಇರುವುದು ಬಹಳ ಸರಳ. ಪಕ್ಕದಲ್ಲಿ ಹಾಪರ್, ಅದರಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್. ಕೆಳಗೆ ಆಗರ್ ಅನ್ನುವ ತಿರುಪು ಸುತ್ತುತ್ತಾ ಪೆಲೆಟ್‌ಗಳನ್ನು ಫೈರ್‌ಪಾಟ್‌ಗೆ ತಳ್ಳುತ್ತದೆ. ಅಲ್ಲಿ ಇಗ್ನೈಟರ್ ಎಂಬ ಕಡ್ಡಿ ಕೆಂಪಗೆ ಕಾದು ಬೆಂಕಿ ಹತ್ತಿಸುತ್ತದೆ. ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಶಾಖ ನೋಡಿಕೊಂಡು ಎಷ್ಟು ಪೆಲೆಟ್ ಹಾಕಬೇಕು ಅಂತ ಕಂಟ್ರೋಲರ್ ತೀರ್ಮಾನಿಸುತ್ತದೆ. ಇಷ್ಟೇ. 225 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 107 ಸೆಲ್ಸಿಯಸ್‌ಗೆ ಇಟ್ಟು ಮಲಗಬಹುದು. ಬೆಳಿಗ್ಗೆ ಎದ್ದಾಗಲೂ ಅಲ್ಲೇ ಇರುತ್ತದೆ.

ನಾಲ್ಕು ವರ್ಷದ ಅನುಭವದಲ್ಲಿ ಹೇಳುತ್ತೇನೆ, ದುಬಾರಿ ಸ್ಮೋಕರ್‌ಗೆ ಕೊಟ್ಟ ಹಣದಲ್ಲಿ ಹೆಚ್ಚಿನ ಪಾಲು ಹೋದದ್ದು ಕಬ್ಬಿಣಕ್ಕೆ. ಪಕ್ಕದ ಮನೆಯ ಹಿರಿಯರು ಬದುಕಿಡೀ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಮೊದಲನೇ ಸ್ಮೋಕರ್ ಮುಚ್ಚಳ ಬೆರಳಲ್ಲಿ ತಟ್ಟಿ, "ಇದು 16 ಗೇಜ್ ಕೂಡ ಇಲ್ಲ" ಅಂದಿದ್ದರು. 16 ಗೇಜ್ ಅಂದರೆ ಒಂದೂವರೆ ಮಿಲಿಮೀಟರ್ ದಪ್ಪ. ಗೇಜ್ ಅಂಕಿ ಇಳಿದಷ್ಟೂ ತಗಡು ದಪ್ಪ. ಈಗಿನದು 10 ಗೇಜ್, ಸುಮಾರು 3.4 ಮಿಲಿಮೀಟರ್. ಎರಡು ಪಟ್ಟಿಗಿಂತ ಜಾಸ್ತಿ ದಪ್ಪ.

ಜುಲೈನಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಜನವರಿಯಲ್ಲಿ ಗೊತ್ತಾಗುತ್ತದೆ. ಹೊರಗೆ ಮೈನಸ್ 12 ಸೆಲ್ಸಿಯಸ್, ಮೇಲೆ ಗಾಳಿ. ಹಳೆಯದರ ಮುಚ್ಚಳ ತೆಗೆದರೆ ಶಾಖವೆಲ್ಲ ಹೋಗಿ, ಮತ್ತೆ ಏರಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. 20 ಪೌಂಡಿನ ಪೆಲೆಟ್ ಚೀಲ ಹತ್ತು ಗಂಟೆಗೇ ಖಾಲಿ. ಬ್ರಿಸ್ಕೆಟ್ ಬೇಯಲು 14 ಗಂಟೆ ಬೇಕು. ಅಂದರೆ ರಾತ್ರಿ ಎದ್ದು ಪೆಲೆಟ್ ಸುರಿಯಬೇಕು. ಈಗಿನದು ಚಳಿಯಲ್ಲೂ ಅಷ್ಟು ತಿನ್ನುವುದಿಲ್ಲ. ಮುಚ್ಚಳ ತೆಗೆದು ಮುಚ್ಚಿದರೆ ಐದಾರು ನಿಮಿಷದಲ್ಲಿ ಮತ್ತೆ ಮೊದಲಿನ ಶಾಖಕ್ಕೆ ಬರುತ್ತದೆ. ಆದರೆ ಮೊದಲ ಸಲ ಕಾಯಲು ಮುಕ್ಕಾಲು ಗಂಟೆ ಬೇಕು. ವಾರದ ಮಧ್ಯೆ ಸಂಜೆ ಆರಕ್ಕೆ ಮನೆಗೆ ಬಂದು ಕೋಳಿ ತೊಡೆ ಬೇಯಿಸೋಣ ಅಂದರೆ ಇದು ಬೇಜಾರು. ಆಗೆಲ್ಲ ಹಳೆಯದೇ ಚೆನ್ನಾಗಿತ್ತು. ಇನ್ನೊಂದು ವಿಷಯ, ತೂಕ. ಇದು 150 ಕಿಲೋ ಇದೆ. ಮನೆ ಬದಲಾಯಿಸಿದಾಗ ನಾಲ್ಕು ಜನ ಸೇರಿ ಎತ್ತಿದೆವು. ಬಾಡಿಗೆ ಮನೆಯಲ್ಲಿರುವವರು ಇದರ ಸಹವಾಸಕ್ಕೆ ಹೋಗಬೇಡಿ.

ಇನ್ನು ಕೆಟ್ಟದ್ದರ ವಿಷಯ. ಹಳೆಯದರ ಇಗ್ನೈಟರ್ ಎರಡನೇ ಚಳಿಗಾಲದಲ್ಲಿ ಹೋಯಿತು. ಸ್ಮೋಕರ್ ಆನ್ ಮಾಡಿದ ಕೂಡಲೇ ಗೋಡೆಯ ಪ್ಲಗ್ ಟ್ರಿಪ್ ಆಗುತ್ತಿತ್ತು. ಪ್ಲಗ್ಗೇ ಸರಿ ಇಲ್ಲ ಅಂದುಕೊಂಡು ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟೆ. ನಿಮಗೂ ಹೀಗಾದರೆ ಮೊದಲು ಇಗ್ನೈಟರ್ ವೈರ್ ಕಳಚಿ ನೋಡಿ. ಆಗ ಟ್ರಿಪ್ ಆಗದಿದ್ದರೆ ತಪ್ಪು ಅದರದ್ದೇ. ಕಂಪನಿಗೆ ಬರೆದೆ. ವಾರಂಟಿ ಇತ್ತು. ಆದರೂ ಚಾಟ್‌ನಲ್ಲಿ ದಿನಕ್ಕೊಬ್ಬರು ಬಂದು ಮೊದಲಿನಿಂದ ಅದೇ ಪ್ರಶ್ನೆ ಕೇಳಿದರು. ಬೆರಳುದ್ದದ ಕಡ್ಡಿ ಬರಲು ಮೂರು ವಾರ ಆಯಿತು. ಅಷ್ಟರೊಳಗೆ ಫೈರ್‌ಪಾಟ್ ತಳ ತುಕ್ಕು ಹಿಡಿದು ತೂತಾಗಿತ್ತು. ಬೇಸರವಾಗಿ, ಇನ್ನು ಇಲ್ಲಿಯದೇ ತಗೊಳ್ಳುತ್ತೇನೆ ಅಂತ ಹೊಸದು ಕೊಂಡೆ.

ಹೊಸದರ ಇಗ್ನೈಟರ್ ಕೂಡ ಮೂರನೇ ವರ್ಷ ಹೋಯಿತು!

ಕೆಳಗಿನ ತಗಡು ಬಿಚ್ಚಿ ನೋಡಿದೆ. ಫ್ಯಾನ್ ಮೇಲೆ ಚೀಟಿ ಇತ್ತು: ಮೇಡ್ ಇನ್ ಚೈನಾ. ಒಂದು ಕ್ಷಣ ಮೋಸ ಹೋದೆ ಅನ್ನಿಸಿತು. ಆಮೇಲೆ ಯಂತ್ರದ ಹಿಂದಿದ್ದ ಫಲಕ ಸರಿಯಾಗಿ ಓದಿದೆ. ಹೊರಗಿನಿಂದ ತಂದ ಭಾಗಗಳನ್ನೂ ಬಳಸಿ ಅಮೆರಿಕದಲ್ಲಿ ತಯಾರಿಸಿದ್ದು ಅಂತ ಅದರಲ್ಲೇ ಬರೆದಿತ್ತು. ಕೊಳ್ಳುವಾಗ ನಾನು ಬಾವುಟ ನೋಡಿದ್ದೆ, ಸಾಲು ಓದಿರಲಿಲ್ಲ. ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ಈ ವಿಷಯದಲ್ಲಿ ಕಟ್ಟುನಿಟ್ಟು. ಸುಮ್ನೆ ಮೇಡ್ ಇನ್ ಯುಎಸ್ಎ ಅಂತ ಹಾಕಬೇಕಾದರೆ ವಸ್ತುವಿನ ಎಲ್ಲ ಭಾಗವೂ, ಹೆಚ್ಚುಕಮ್ಮಿ ಎಲ್ಲವೂ, ಇಲ್ಲಿಯದೇ ಆಗಿರಬೇಕು. 2021ರಿಂದ ತಪ್ಪು ಚೀಟಿ ಅಂಟಿಸಿದರೆ ದಂಡ ಹಾಕುವ ನಿಯಮವೂ ಇದೆ. ಹಾಗಾಗಿ ಪದಗಳನ್ನು ಅಳೆದು ಬಳಸುತ್ತಾರೆ. ಅಸೆಂಬಲ್ಡ್ ಅಂದರೆ ಜೋಡಿಸಿದ್ದು ಮಾತ್ರ ಇಲ್ಲಿ. ಡಿಸೈನ್ಡ್ ಅಂದರೆ ನಕ್ಷೆ ಇಲ್ಲಿಯದು, ತಯಾರಿಕೆ ಎಲ್ಲಿಯದೂ ಆಗಿರಬಹುದು. ಅಂಗಡಿಯಲ್ಲಿ ಬಗ್ಗಿ ಆ ಫಲಕ ಓದಿ. ನಾನು ಓದಿದ್ದರೆ ಬೇಸರ ತಪ್ಪುತ್ತಿತ್ತು.

ಆದರೆ ಅದೇ ದಿನ ಇನ್ನೊಂದೂ ನಡೆಯಿತು. ಕಂಪನಿಗೆ ಫೋನ್ ಮಾಡಿದೆ. ಮೂರನೇ ರಿಂಗಿಗೆ ಒಬ್ಬ ಹೆಂಗಸು ಎತ್ತಿದರು. ನನ್ನ ಮಾಡೆಲ್ ಕೇಳಿ, "ಇವತ್ತು ಅಡುಗೆ ನಿಲ್ಲಿಸಬೇಡಿ" ಅಂತ ಕೈಯಲ್ಲೇ ಹತ್ತಿಸುವುದು ಹೇಳಿಕೊಟ್ಟರು. ಫೈರ್‌ಪಾಟ್‌ಗೆ ಒಂದು ಹಿಡಿ ಪೆಲೆಟ್ ಹಾಕಿ, ಸಣ್ಣ ಗ್ಯಾಸ್ ಟಾರ್ಚ್‌ನಿಂದ ಹತ್ತಿಸಿ, ಉರಿ ಹಿಡಿದ ಮೇಲೆ ಯಂತ್ರ ಆನ್ ಮಾಡಬೇಕು. ಅಂದು ಮನೆಗೆ ಹನ್ನೆರಡು ಜನ ಊಟಕ್ಕೆ ಬರುವವರಿದ್ದರು. ಊಟ ನಿಲ್ಲಲಿಲ್ಲ. ನಾಲ್ಕನೇ ದಿನ ಹೊಸ ಇಗ್ನೈಟರ್ ಬಂತು. ಕಂಟ್ರೋಲರ್, ಫ್ಯಾನ್, ಆಗರ್ ಮೋಟರ್, ಪ್ರತಿಯೊಂದು ಸ್ಕ್ರೂ ಕೂಡ ಅವರ ಹತ್ತಿರ ಬಿಡಿಯಾಗಿ ಸಿಗುತ್ತದೆ. ಅಪ್ಪನ ಯೆಜ್ಡಿಗೆ ಇಂಥವರು ಇದ್ದಿದ್ದರೆ ಅಂತ ಅಂದುಕೊಂಡೆ.

ಹಳೇ ಸ್ಮೋಕರ್ ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಅದನ್ನು ಹಾಸನ ಕಡೆಯ ಗೆಳೆಯರೊಬ್ಬರಿಗೆ ಸುಮ್ನೆ ಕೊಟ್ಟೆ. ಅವರು ಬೇರೆ ಕಡೆಯಿಂದ ಸ್ಟೇನ್‌ಲೆಸ್ ಫೈರ್‌ಪಾಟ್ ತರಿಸಿ ಹಾಕಿದರು. ಮೇಲೆ ಹೊದಿಸುವ ಚಳಿಗಾಲದ ಕಂಬಳಿ ಕೊಂಡರು. ಎರಡೂ ಸೇರಿ ನೂರೈವತ್ತು ಡಾಲರ್ ಒಳಗೆ ಆಯಿತು. ಈಗಲೂ ಪ್ರತಿ ಶನಿವಾರ ಅದರಲ್ಲಿ ರಿಬ್ಸ್, ಅಂದರೆ ಪಕ್ಕೆಲುಬಿನ ಮಾಂಸ, ಮಾಡುತ್ತಾರೆ. ಅವರ ರಿಬ್ಸ್ ನನ್ನದಕ್ಕಿಂತ ಒಂದು ಕೈ ಮೇಲೆ. ಚೈನಾದ್ದು ಬಾಳಲ್ಲ ಅನ್ನುವವರಿಗೆ ನಾನು ಆ ಸ್ಮೋಕರ್ ತೋರಿಸುತ್ತೇನೆ.

ಹೊಗೆ ರುಚಿ ಬಗ್ಗೆ ಯಾವ ಕಂಪನಿಯೂ ಪೂರ್ತಿ ನಿಜ ಹೇಳುವುದಿಲ್ಲ ಅನ್ನಿಸುತ್ತದೆ. ಸೌದೆ ಹಾಕಿ ಉರಿಸುವ ಆಫ್‌ಸೆಟ್ ಸ್ಮೋಕರ್‌ನಷ್ಟು ಹೊಗೆ ಪೆಲೆಟ್‌ನಲ್ಲಿ ಬರಲ್ಲ. ಎಲ್ಲಿ ತಯಾರಾದರೂ ಅಷ್ಟೇ. ಉರಿ ಚಿಕ್ಕದು, ಫ್ಯಾನ್ ಇರುವುದರಿಂದ ಚೊಕ್ಕವಾಗಿ ಉರಿಯುತ್ತದೆ. ಮೊದಲ ಮೂರು ಗಂಟೆ 180 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟರೆ ಹೊಗೆ ಜಾಸ್ತಿ ಹಿಡಿಯುತ್ತದೆ. ಮಾಂಸ ಫ್ರಿಜ್‌ನಿಂದ ತಣ್ಣಗೆ ನೇರ ಒಳಗೆ ಹೋಗಲಿ. ಪೆಲೆಟ್ ಚೀಲವನ್ನೂ ಓದಿ. ಹಿಕರಿ ಅಂತ ದೊಡ್ಡದಾಗಿ ಬರೆದ ಎಷ್ಟೋ ಚೀಲಗಳಲ್ಲಿ ಓಕ್ ಅಥವಾ ಆಲ್ಡರ್ ಮರವೇ ಹೆಚ್ಚು. ನಾನು ನೂರು ಶೇಕಡಾ ಹಿಕರಿ ಅಂತ ಇರುವುದನ್ನೇ ತರುತ್ತೇನೆ. ಈ ಬದಲಾವಣೆಗೆ ಚೀಲಕ್ಕೆ ನಾಲ್ಕೈದು ಡಾಲರ್ ಹೆಚ್ಚು. ರುಚಿಯಲ್ಲಿ ಕಂಡ ವ್ಯತ್ಯಾಸ 1,500 ಡಾಲರ್ ಹೆಚ್ಚು ಕೊಟ್ಟಾಗ ಕಂಡದ್ದಕ್ಕಿಂತ ದೊಡ್ಡದು.

ಪೆಲೆಟ್‌ಗೆ ನೀರು ತಾಗಬಾರದು. ಒಂದು ಸಲ ಕವರ್ ಹಾಕದೆ ಊರಿಗೆ ಹೋಗಿದ್ದೆ. ಮಳೆ ನೀರು ಹಾಪರ್ ಒಳಗೆ ಇಳಿದಿತ್ತು. ಪೆಲೆಟ್ ಊದಿ, ಪುಡಿಯಾಗಿ, ಒಣಗಿ, ಆಗರ್ ಒಳಗೆ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಬಿಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಬೂದಿಯನ್ನು ಮೂರು ನಾಲ್ಕು ಅಡುಗೆಗೊಮ್ಮೆ ವ್ಯಾಕ್ಯೂಮ್‌ನಲ್ಲಿ ತೆಗೆಯಿರಿ, ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಒಳಗಿನ ತಟ್ಟೆಯಲ್ಲಿ ಮಾಂಸದಿಂದ ಸೋರಿದ ಕೊಬ್ಬು ನಿಲ್ಲಲು ಬಿಡಬೇಡಿ, ಬೆಂಕಿ ಹತ್ತುತ್ತದೆ.

ಬೆಲೆ ಇಳಿಯುತ್ತದೆ ಅಂತ ಕಾಯುವವರಿಗೆ ಒಂದು ಮಾತು. ಹೊರದೇಶದ ಉಕ್ಕಿನ ಮೇಲೆ 2018ರಲ್ಲಿ 25 ಶೇಕಡಾ ಸುಂಕ ಹಾಕಿದರು, 2025ರ ಜೂನ್‌ನಲ್ಲಿ ಅದನ್ನು 50 ಮಾಡಿದರು. ಫ್ಯಾನು, ಕಂಟ್ರೋಲರ್ ಹೊರಗಿನಿಂದ ತರಿಸುವ ಇಲ್ಲಿನ ಕಂಪನಿಗಳಿಗೂ ಖರ್ಚು ಏರಿದೆ. ನಾನಾದರೆ ಕಾಯುವುದಿಲ್ಲ.

ಹಾಗಾದರೆ ಯಾವುದು? ಸ್ವಂತ ಮನೆ, ಹಿತ್ತಲಿದೆ, ಚಳಿ ಊರು, ತಿಂಗಳಿಗೆ ಎರಡು ಮೂರು ಸಲವಾದರೂ ದೊಡ್ಡ ಅಡುಗೆ ಮಾಡುತ್ತೀರಿ ಅಂದರೆ ದಪ್ಪ ಕಬ್ಬಿಣದ್ದು ತಗೊಳ್ಳಿ. ಟೆಕ್ಸಾಸ್‌ನಂಥ ಬಿಸಿಲೂರಿನಲ್ಲಿದ್ದು ವಾರಾಂತ್ಯಕ್ಕೊಮ್ಮೆ ಕೋಳಿ, ಪನೀರ್ ಮಾಡುವವರಿಗೆ 900 ಡಾಲರ್‌ನದ್ದು ಸಾಕು. ಯಾವುದೇ ಆಗಲಿ, ಕೊಳ್ಳುವ ಮೊದಲು ಕಂಪನಿಗೆ ಒಂದು ಫೋನ್ ಮಾಡಿ. "ಇಗ್ನೈಟರ್ ಬೇಕು, ಎಷ್ಟು ದಿನಕ್ಕೆ ಬರುತ್ತೆ?" ಅಂತ ಕೇಳಿ. ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಅಂತ ನೋಡಿ.

ಹೋದ ಡಿಸೆಂಬರ್‌ನಲ್ಲಿ ಅಮ್ಮ ಬಂದಿದ್ದರು. ಊರಿಂದ ಒಂದು ಬಾಟಲಿ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ ರಸ, ತಂದಿದ್ದರು. ಹಂದಿಯ ಭುಜದ ಮಾಂಸಕ್ಕೆ ಕಾಳುಮೆಣಸು, ಉಪ್ಪು, ಕಾಚಂಪುಳಿ ತಿಕ್ಕಿ ರಾತ್ರಿ ಹತ್ತಕ್ಕೆ ಇಟ್ಟೆವು. ಮೇಲಿನ ತಂತಿ ಜಾಲರಿಯಲ್ಲಿ, ಬೇರೆ ತಟ್ಟೆಯಲ್ಲಿ, ಮಾಂಸ ತಿನ್ನದ ಗೆಳೆಯರಿಗಾಗಿ ಬದನೆಕಾಯಿ. ಅದರ ಗೊಜ್ಜು ಅಷ್ಟು ಚೆನ್ನಾಗಿ ಒಲೆಯಲ್ಲಿ ಸುಟ್ಟಾಗಲೂ ಬಂದಿರಲಿಲ್ಲ. ಬೆಳಿಗ್ಗೆ ಐದಕ್ಕೆ ಅಮ್ಮ ಶಾಲು ಹೊದ್ದು ಹಿತ್ತಲ ಬಾಗಿಲು ತೆಗೆದು ನಿಂತಿದ್ದರು. "ನಮ್ಮನೆ ಬಚ್ಚಲ ಒಲೆ ಹಚ್ಚಿದ ಹಾಗೆ ವಾಸನೆ ಬರ್ತಿದೆ ಕಣೋ" ಅಂದರು. ಮುಚ್ಚಳ ತೆಗೆಯಲು ಬಿಡಲಿಲ್ಲ, ಇನ್ನೂ ಎರಡು ಗಂಟೆ ಇತ್ತು.

ಈಗ ಕಂಟ್ರೋಲರ್ ಪರದೆ ಬಿಸಿಲಿಗೆ ಮಂಕಾಗಿದೆ. ಮೊನ್ನೆ ಫೋನ್ ಮಾಡಿದೆ, ಹೊಸದು ಶುಕ್ರವಾರ ಬರುತ್ತದಂತೆ. ಅಲ್ಲಿಯವರೆಗೆ ಅಂಗೈ ಮರೆ ಮಾಡಿಕೊಂಡು ಅಂಕಿ ಓದುತ್ತಿದ್ದೇನೆ.