ಹಾಯಿದೋಣಿಯ ಪಾರ್ಟು, ದಾವಣಗೆರೆಯ ರೇಡಿಯೇಟರ್ ಅಂಗಡಿ

ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ವೆಲ್ಡಿಂಗ್ ಶಾಪುಗಳ ಸಾಲಿನಲ್ಲಿ ಈ ಅಂಗಡಿ ಇದೆ. ಬೋರ್ಡು ಅಳಿಸಿ ಹೋಗಿ 'ಡಿಯೇಟರ್' ಅಂತ ಮಾತ್ರ ಉಳಿದಿದೆ. ಟ್ರ್ಯಾಕ್ಟರ್, ಲಾರಿ, ಜನರೇಟರುಗಳ ರೇಡಿಯೇಟರ್ ರಿಪೇರಿ ಇವರ ದಿನದ ಕೆಲಸ. ನಾನು ತಗೊಂಡು ಹೋಗಿದ್ದು ಹಾಯಿದೋಣಿಯ ಎಂಜಿನ್ ಪಾರ್ಟು. ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದನೆಯದು ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನನ್ನ ಅಳಿಯ ಗೋವಾದಲ್ಲಿ ಕೆಲಸದಲ್ಲಿದ್ದಾನೆ. ಗೆಳೆಯರಿಬ್ಬರ ಜೊತೆ ಸೇರಿ ಒಂದು ಹಳೇ ಹಾಯಿದೋಣಿ ಕೊಂಡು ಮಾಂಡೋವಿ ನದಿಯಲ್ಲಿ ಕಟ್ಟಿದ್ದಾನೆ. ಗಾಳಿ ಬಿದ್ದಾಗ, ದಡಕ್ಕೆ ಬರುವಾಗ ಬೇಕಲ್ಲ, ಅದಕ್ಕೆ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್. ನಾನು ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಪಂಪ್‌ಹೌಸ್ ಫಿಟರ್ ಆಗಿದ್ದವನು. ಹಾಯಿ ಎತ್ತೋದು ಇಳಿಸೋದು ನನಗೆ ಗೊತ್ತಿಲ್ಲ. ನೀರು ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಅನ್ನೋದು ಗೊತ್ತು.

ಮೇ ತಿಂಗಳಲ್ಲಿ ಎಂಜಿನ್ ವಿಪರೀತ ಬಿಸಿಯಾಗಲು ಶುರುವಾಯಿತು. ಸಮುದ್ರದ ನೀರು ಎಳೆಯುವ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ, ಇರುತ್ತದೆ. ಆರು ರೆಕ್ಕೆಯಲ್ಲಿ ಎರಡು ಮುರಿದಿದ್ದವು. ಅಲ್ಲಿನ ಮೆಕ್ಯಾನಿಕ್ ಒಬ್ಬರು ಹೊಸದು ಹಾಕಿ ದುಡ್ಡು ತಗೊಂಡು ಹೋದರು. ಮೂರೇ ದಿನಕ್ಕೆ ಮತ್ತೆ ಕಾಯಿತು. ಎಂಜಿನ್ ತಣ್ಣಗಿಡುವ ದ್ರವ, ಕೂಲಂಟೂ ಕಡಿಮೆಯಾಗುತ್ತಿತ್ತು. ಹೊರಗಡೆ ನೋಡಿದರೆ ಒಂದು ಹನಿ ಇಲ್ಲ. ಅಷ್ಟರಲ್ಲಿ ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಟ್ರಾಲರುಗಳೆಲ್ಲ ರಿಪೇರಿಗೆ ನಿಲ್ಲುವ ಕಾಲ. ಇವನ ಸಣ್ಣ ಕೆಲಸವನ್ನು ಅಲ್ಲಿ ಯಾರು ಮುಟ್ಟುತ್ತಾರೆ? ದೋಣಿಯನ್ನು ಮಳೆಗಾಲಕ್ಕೆ ದಡಕ್ಕೆ ಎತ್ತಿಸಿ, ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ಬಕೆಟ್ಟಿನಲ್ಲಿ ಇಟ್ಟುಕೊಂಡು ಹುಬ್ಬಳ್ಳಿ ಮೇಲೆ ಊರಿಗೆ ಬಂದ. "ಮಾವ, ಇದನ್ನ ಇಲ್ಲಿ ಯಾರಾದ್ರೂ ನೋಡ್ತಾರಾ?"

ಲಾರಿಯಲ್ಲಿ ರೇಡಿಯೇಟರ್ ಮಾಡುವ ಕೆಲಸವನ್ನೇ ದೋಣಿಯಲ್ಲಿ ಈ ಹೀಟ್ ಎಕ್ಸ್‌ಚೇಂಜರ್ ಮಾಡುತ್ತದೆ. ಗಾಳಿ ಬದಲು ಸಮುದ್ರದ ನೀರು, ಅಷ್ಟೇ. ಸಣ್ಣ ಸಣ್ಣ ಕೊಳವೆಗಳ ಒಳಗೆ ಉಪ್ಪುನೀರು ಹರಿಯುತ್ತದೆ, ಸುತ್ತ ಎಂಜಿನ್ನಿನ ಕೂಲಂಟ್ ತಿರುಗುತ್ತದೆ.

ಅಂಗಡಿಯ ಭಾಯಿ ಅದನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಮೊದಲು ಕೇಳಿದ್ದೇ "ಯಜಮಾನ್ರೇ, ಇದು ಯಾವ ನೀರು ಕುಡೀತದೆ?" ಅಂತ. ಇಲ್ಲೇ ನನಗೆ ನಂಬಿಕೆ ಬಂತು. ನಮ್ಮ ಬೋರಿನ ಗಡಸು ನೀರು ಕುಡಿದ ರೇಡಿಯೇಟರುಗಳನ್ನು ದಿನಾ ನೋಡುವವರು. ಸಮುದ್ರದ ನೀರು ಅಂದೆ. ನಕ್ಕರು. ಆಮೇಲೆ ನಗಲಿಲ್ಲ.

ಎರಡೂ ಕಡೆ ಮುಚ್ಚಳ ತೆಗೆದರು. ಒಳಗೆ ಬಿಳಿ ಉಪ್ಪು, ಹಸಿರು ಕಿಲುಬು. ಕೊಕ್ಕೆ ಹಾಕಿ ಕೆದಕಿದಾಗ ಕಪ್ಪಗೆ ಏನೋ ಬಂತು. "ಇದೇನ್ರೀ, ಚಪ್ಪಲಿ ತುಂಡು?" ಅಂದರು. ಇಂಪೆಲ್ಲರ್ ರೆಕ್ಕೆ! ಮುರಿದ ರಬ್ಬರ್ ಎಲ್ಲಿಗೂ ಹೋಗುವುದಿಲ್ಲ, ನೀರಿನ ಜೊತೆ ಬಂದು ಕೊಳವೆಗಳ ಬಾಯಿಗೆ ಕೂರುತ್ತದೆ. ಹೊಸ ಇಂಪೆಲ್ಲರ್ ಹಾಕಿದವರು ಹಳೆಯ ತುಂಡು ಹುಡುಕಿರಲೇ ಇಲ್ಲ. ಎರಡು ರೆಕ್ಕೆ ಕಾಣೆಯಾಗಿದೆ ಅಂತ ನಾನು ಹೇಳಿದ್ದಕ್ಕೆ, ಭಾಯಿ ಎರಡನೆಯದು ಸಿಗುವವರೆಗೆ ಟೀ ಕೂಡ ಕುಡಿಯಲಿಲ್ಲ. ಸಿಕ್ಕ ತುಂಡುಗಳನ್ನು ಹಳೇ ಇಂಪೆಲ್ಲರ್ ಪಕ್ಕ ಜೋಡಿಸಿಟ್ಟು ತೋರಿಸಿದರು. ಸರಿಯಾಗಿ ಕೂತವು.

ಕೊಳವೆಗಳಿಗೆ ಹಿತ್ತಾಳೆ ಕಡ್ಡಿ ಆಡಿಸಿದರು, ಕಬ್ಬಿಣದ್ದಲ್ಲ. ಆಸಿಡ್ ಡ್ರಮ್ಮಿಗೆ ಹಾಗೇ ಮುಳುಗಿಸಲು ಹೊರಟಿದ್ದರು. ನೀರಿಗೆ ಆಸಿಡ್ ಬೆರೆಸಿ ತೆಳು ಮಾಡಿ, ನೊರೆ ನಿಂತ ಕೂಡಲೇ ತೆಗೆಯಿರಿ ಅಂದೆ. ಮಾಡಿದರು. ಆಮೇಲೆ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಕಂಪ್ರೆಸರ್ ಗಾಳಿ ಕೊಟ್ಟು, ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಕೊಳವೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಬಿಟ್ಟು ಬಿಟ್ಟು ಬರುತ್ತಿತ್ತು. ಕೂಲಂಟ್ ಹೋಗಿದ್ದು ಇದೇ ದಾರಿಯಲ್ಲಿ. ಸಮುದ್ರದ ನೀರಿನ ಜೊತೆ ಸೈಲೆನ್ಸರಿಗೆ ಹೋಗಿ ಹೊರಗೆ ಬಿದ್ದರೆ ಯಾರಿಗೆ ಕಾಣುತ್ತದೆ? ಸೀಸದ ಬೆಸುಗೆ ಬೇಡ ಅಂದಿದ್ದಕ್ಕೆ ಸಿಲ್ವರ್ ರಾಡ್ ತರಿಸಿ ಹಚ್ಚಿದರು.

ಜಗಳ ಆಗಿದ್ದು ಜಿಂಕ್ ಕಡ್ಡಿಯ ವಿಷಯಕ್ಕೆ. ಪೆನ್ಸಿಲ್ ಗಾತ್ರದ ಸತುವಿನ ಕಡ್ಡಿ ಒಂದು ಪ್ಲಗ್ಗಿಗೆ ಅಂಟಿಕೊಂಡಿರುತ್ತದೆ. ನಮ್ಮದು ತಿಂದು ತಿಂದು ಬೀಡಿ ತುಂಡಿನಷ್ಟಾಗಿತ್ತು. "ಕೊಳೆತು ಹೋಗಿದೆ, ಬೋಲ್ಟ್ ಹಾಕಿ ಮುಚ್ತೀನಿ" ಅಂದರು ಭಾಯಿ. ಅದು ಕೊಳೆಯಲೆಂದೇ ಇರೋದು! ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ತಾಗಿಕೊಂಡರೆ ಬ್ಯಾಟರಿಯ ಹಾಗೆ ಕರೆಂಟ್ ಹರಿದು ಒಂದು ಸವೆಯುತ್ತದೆ. ತಾಮ್ರದ ಬದಲು ಸತು ಸವೆಯಲಿ ಅಂತ ಅದನ್ನು ಇಟ್ಟಿರುತ್ತಾರೆ. ಅರ್ಧ ಸವೆದರೆ ಬದಲಾಯಿಸಬೇಕು. ಇನ್ನೊಂದು ವಿಷಯ, ಆ ಪ್ಲಗ್ಗಿನ ಮರೆಗೆ (ಥ್ರೆಡ್ಡಿಗೆ) ಯಾರೋ ಟೆಫ್ಲಾನ್ ಟೇಪ್ ಸುತ್ತಿದ್ದರು. ಸೋರದಿರಲಿ ಅಂತ ಒಳ್ಳೇ ಬುದ್ಧಿಯಿಂದಲೇ ಇರಬೇಕು. ಆದರೆ ಲೋಹಕ್ಕೆ ಲೋಹ ಸರಿಯಾಗಿ ತಾಗದಿದ್ದರೆ ಜಿಂಕ್ ತನ್ನ ಕೆಲಸ ಪೂರ್ತಿ ಮಾಡುವುದಿಲ್ಲ. ಭಾಯಿ ಕೇಳಿ, ಟೇಪ್ ಬಿಚ್ಚಿ, ಮರೆಯನ್ನು ಬ್ರಷ್ಷಿನಲ್ಲಿ ಉಜ್ಜಿಕೊಟ್ಟರು. ವಾದ ಮಾಡುವವರಲ್ಲ.

ರಬ್ಬರ್ ಪೈಪು ಬಿಗಿಯುವ ಹೋಸ್ ಕ್ಲಿಪ್ಪುಗಳನ್ನೂ ಅಲ್ಲೇ ಕೊಂಡೆ. ಕೊಳ್ಳುವಾಗ ಅಯಸ್ಕಾಂತ ಜೇಬಿನಲ್ಲಿರಲಿ. ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಕಬ್ಬಿಣ, ಅಂಥ ಮಾಲು ಜಾಸ್ತಿ. ಉಪ್ಪುಗಾಳಿಯಲ್ಲಿ ಮೊದಲು ಸ್ಕ್ರೂ ಹೋಗುತ್ತದೆ. ಇವರ ಡಬ್ಬಿಯಲ್ಲಿ ಎರಡೂ ಕಲೆಸಿಕೊಂಡಿದ್ದವು. ಆರಿಸಿಕೊಳ್ಳಿ ಅಂತ ಡಬ್ಬಿಯನ್ನೇ ಮುಂದಿಟ್ಟರು.

ತಿರುಗುವ ಶಾಫ್ಟಿನ ಸುತ್ತ ನೀರು ನುಗ್ಗದಂತೆ ತುಂಬುವ ಹಗ್ಗ, ಗ್ಲಾಂಡ್ ಡೋರಿಯೂ ಇಟ್ಟಿದ್ದಾರೆ. ದೋಣಿಯ ಹೊಟ್ಟೆ ತೂತು ಮಾಡಿ, ದೋಣಿ ತಳ್ಳುವ ಫ್ಯಾನಿನ (ಪ್ರೊಪೆಲ್ಲರಿನ) ಶಾಫ್ಟ್ ಹೊರಗೆ ಹೋಗುವ ಜಾಗಕ್ಕೂ ನಮ್ಮ ಮಿಲ್ಲಿನ ಪಂಪಿನ ಹಾಗೇ ಡೋರಿ ತುಂಬುತ್ತಾರೆ. ಪಂಪಿನವರೆಲ್ಲ ಕಪ್ಪು ಗ್ರಾಫೈಟ್ ಡೋರಿ ಒಯ್ಯುತ್ತಾರಂತೆ. ಉಪ್ಪುನೀರಿನಲ್ಲಿ ಗ್ರಾಫೈಟ್ ಪಕ್ಕದ ಶಾಫ್ಟನ್ನೇ ತಿನ್ನಿಸುತ್ತದೆ, ಹಾಗಾಗಿ ಬಿಳಿ ಟೆಫ್ಲಾನ್ ಡೋರಿ ತಗೊಂಡೆ. ಸುರುಳಿಯಾಗಿ ಸುತ್ತಬೇಡ, ಒಂದೊಂದೇ ಉಂಗುರ ಓರೆಯಾಗಿ ಕತ್ತರಿಸು, ಜೋಡು ಒಂದರ ಮೇಲೆ ಒಂದು ಬರಬಾರದು ಅಂತ ಅಳಿಯನಿಗೆ ಅಂಗಡಿ ಮುಂದೆಯೇ ಮಾಡಿ ತೋರಿಸಿದೆ.

ಈಗ ಐದನೇ ಸ್ಟಾರ್. ಗುರುವಾರ ಕೊಡುತ್ತೇನೆ ಅಂದವರು ಮುಂದಿನ ಮಂಗಳವಾರ ಕೊಟ್ಟರು. ಕೇಳದೇ ಇಡೀ ಪಾರ್ಟಿನ ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದರು, ಜಿಂಕ್ ಕೂರುವ ಮರೆಗೂ ಸೇರಿಸಿ. ಮನೆಯಲ್ಲಿ ಕೂತು ಕೆರೆದೆ. ಮುಚ್ಚಳಕ್ಕೆ, ಸೋರದಂತೆ ಹಚ್ಚುವ ಗ್ಯಾಸ್ಕೆಟ್ ಪೇಸ್ಟು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಮೆತ್ತಿದ್ದರು. ದೋಸೆಗಾದರೆ ಸರಿ. ಇಲ್ಲಿ ಒಳಗೆ ಉಬ್ಬಿದ ಪೇಸ್ಟು ಕಿತ್ತು ಬಂದರೆ ಅದೇ ರಬ್ಬರ್ ತುಂಡಿನ ಕಥೆ. ಬಿಲ್ ಕೊಡಲಿಲ್ಲ. ಎಲ್ಲ ಸೇರಿ 1,850 ರೂಪಾಯಿ. ಕೆಲಸ ನೋಡಿದರೆ ಜಾಸ್ತಿ ಅಲ್ಲ.

ಅಕ್ಟೋಬರಿನಲ್ಲಿ ದೋಣಿ ನೀರಿಗಿಳಿಯಿತು. ಎರಡು ಗಂಟೆ ಎಂಜಿನ್ ಓಡಿಸಿದರೂ ಮುಳ್ಳು ಕೆಂಪಿಗೆ ಹೋಗಲಿಲ್ಲ, ಕೂಲಂಟ್ ಇದ್ದಲ್ಲೇ ಇತ್ತು. ಆದರೂ ರಾತ್ರಿ ಅಳಿಯನ ಫೋನ್.

"ಮಾವ, ಶಾಫ್ಟ್ ಹತ್ರ ಸೋರ್ತಾ ಇದೆ."

"ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎಷ್ಟು ಹನಿ?"

"ಮೂರು."

"ನಿಲ್ಲಿಸಿದಾಗ?"

"ಇಲ್ಲ."

"ಸ್ಪ್ಯಾನರ್ ಒಳಗಿಡು. ಆ ಹನಿಯೇ ಶಾಫ್ಟನ್ನ ತಣ್ಣಗಿಡೋದು. ಹನಿ ನಿಲ್ಲೋ ಹಾಗೆ ಬಿಗಿ ಮಾಡಿದ್ರೆ ಶಾಫ್ಟ್ ಕಾಯ್ತದೆ."

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಆಮೇಲೆ ಟ್ರ್ಯಾಕ್ಟರಿನವರ ಸಾಲು ಶುರುವಾಗುತ್ತದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಬಣ್ಣ ಬೇಡ ಅಂತ ಮೊದಲೇ ಹೇಳಿ.