ಗದ್ದಲ ಕಳೆಯುವ ಪೆಟ್ಟಿಗೆ: ಕೊಳ್ಳುವ ಮುನ್ನ ಮೇನ್ ಸ್ವಿಚ್ ಆರಿಸಿ ನೋಡಿ

ಅಡಾಪ್ಟರ್‌ನಿಂದಲೇ ಶುರುಮಾಡುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ಇಳಿಯುವುದಿಲ್ಲ. ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಿಗಳು ಪರಸ್ಪರ ಸಂಪರ್ಕಿಸುವ ರೇಡಿಯೋದಲ್ಲಿ, ಕೇಳಿಬರುವ ಮನೆಬಳಕೆಯ ಉಪಕರಣಗಳ ಗದ್ದಲವನ್ನು ಅಳಿಸುತ್ತೇನೆಂದು ಹೇಳಿಕೊಳ್ಳುವ ನಾಯ್ಸ್ ಕ್ಯಾನ್ಸಲರ್ ಇದು. ಇದರ ಜೊತೆಗೆ ಕೊಟ್ಟಿರುವುದು ತಾನೇ ಗದ್ದಲ ಹುಟ್ಟಿಸುವ ಅಗ್ಗದ ಸ್ವಿಚಿಂಗ್ ಅಡಾಪ್ಟರ್! ಇಂಥವುಗಳ ಒಳಗಿನ ಸ್ವಿಚ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚುತ್ತದೆ. ಅದು 65 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಅದರ 108ನೇ ಹಾರ್ಮೋನಿಕ್ (ಮೂಲ ಆವರ್ತನದ 108ರಷ್ಟರ ಮರಿ ಅಲೆ) 7020 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಹ್ಯಾಮ್‌ಗಳ 40 ಮೀಟರ್ ಬ್ಯಾಂಡಿನಲ್ಲಿ (ಸುಮಾರು 40 ಮೀಟರ್ ಉದ್ದದ ಅಲೆಗಳ ಪಟ್ಟಿ) ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ನಡೆಯುವ ಜಾಗದಲ್ಲೇ ಬಂದು ಕೂರುತ್ತದೆ. ಮುಂದಿನದು 7085ರಲ್ಲಿ, ಅದರಾಚೆಯದು 7150ರಲ್ಲಿ. ಬಿಸಿಯಾದಂತೆ ಅವು ಜರುಗುತ್ತಲೂ ಇರುತ್ತವೆ. ಆ ಅಡಾಪ್ಟರ್ ಈಗ ನನ್ನ ಮೇಜಿನ ಕೆಳಖಾನೆಯಲ್ಲಿದೆ. ಪೆಟ್ಟಿಗೆಗೆ 12 ವೋಲ್ಟ್ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತಿದ್ದೇನೆ.

ಬ್ಯಾಟರಿಗೆ ಬಂದ ಮೇಲೆ ನನ್ನ ದನಿ ತುಸು ಮೆತ್ತಗಾಯಿತು, ಏಕೆಂದರೆ ಪೆಟ್ಟಿಗೆಯ ಮೂಲ ಕೆಲಸ ಸೊಗಸಾಗಿದೆ. ಮುಖ್ಯ ಆಂಟೆನಾದಿಂದ ಬರುವುದು ಸಿಗ್ನಲ್ ಮತ್ತು ಗದ್ದಲ ಎರಡೂ. ಇನ್ನೊಂದು ಪುಟ್ಟ ಆಂಟೆನಾದಿಂದ ಆದಷ್ಟು ಗದ್ದಲ ಮಾತ್ರ. ಎರಡನೆಯದನ್ನು ಮೊದಲನೆಯದರಲ್ಲಿರುವ ಗದ್ದಲದಷ್ಟೇ ಬಲಕ್ಕೆ ತಂದು, ಫೇಸ್ (ಅಲೆಯ ಏರಿಳಿತದ ಹೊಂದಾಣಿಕೆ) ತಿರುಗಿಸಿ ಸೇರಿಸಿದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಅದಕ್ಕಾಗಿ ಎರಡು ನಾಬ್‌ಗಳಿವೆ, ಒಂದು ಗದ್ದಲದ ಬಲ ಹೊಂದಿಸಲು, ಇನ್ನೊಂದು ಫೇಸ್‌ಗೆ.

ಸಂಜೆ ರೇಡಿಯೋ ಹಚ್ಚಿದೊಡನೆ ಮಾಡುವ ಮೊದಲ ಕೆಲಸ ಇವುಗಳ ಆರೈಕೆ. ಎಜಿಸಿಯನ್ನು (ಸದ್ದಿನ ಮಟ್ಟವನ್ನು ತಾನೇ ಸರಿಹೊಂದಿಸುವ ಏರ್ಪಾಟು) ವೇಗದಲ್ಲಿಟ್ಟು, ಯಾರೂ ಮಾತಾಡದ ಆವರ್ತನವೊಂದಕ್ಕೆ ಹೋಗುತ್ತೇನೆ. ಮೊದಲು ಮುಖ್ಯ ಆಂಟೆನಾದ ಗದ್ದಲ ಎಷ್ಟಿದೆ ನೋಡುತ್ತೇನೆ, ಆಮೇಲೆ ಪುಟ್ಟದರದ್ದು. ಬಲ ಹೊಂದಿಸುವ ನಾಬಿನಿಂದ ಎರಡನ್ನೂ ತಕ್ಕಡಿಯ ತಟ್ಟೆಗಳಂತೆ ಸಮ ಮಾಡುತ್ತೇನೆ. ನಂತರ ಫೇಸ್ ನಾಬನ್ನು ನಿಧಾನವಾಗಿ, ಉಸಿರು ಬಿಗಿಹಿಡಿದು. ಒಂದು ಜಾಗದಲ್ಲಿ ಸಿಗ್ನಲಿನ ಬಲ ತೋರಿಸುವ ಮೀಟರ್ ಮುಳ್ಳು ಸರ್ರನೆ ಕುಸಿಯುತ್ತದೆ. ಅಲ್ಲಿಂದ ಮತ್ತೆ ಬಲ, ಮತ್ತೆ ಫೇಸ್, ಕೂದಲೆಳೆಯಷ್ಟು. ಇಷ್ಟು ನಾಜೂಕು ಸುಮ್ಮನೆ ಅಲ್ಲ: ಫೇಸ್ ಸರಿಯಿದ್ದು ಬಲದಲ್ಲಿ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಉಳಿದರೂ ಗದ್ದಲ ಇಳಿಯುವುದು 20 ಡೆಸಿಬೆಲ್ ಮಾತ್ರ, ಬಲ ಸರಿಯಿದ್ದು ಫೇಸ್ ಆರು ಡಿಗ್ರಿ ತಪ್ಪಿದರೂ ಅಷ್ಟೇ. ಆ ಮೀಟರಿನ ಎಸ್ 9ರಲ್ಲಿ ಗುಂಯ್‌ಗುಡುತ್ತಿದ್ದ ಬ್ಯಾಂಡ್ ಎಸ್ 5ಕ್ಕೆ ಇಳಿದು, ಅದರಡಿಯಲ್ಲಿ ಮುಚ್ಚಿಹೋಗಿದ್ದ ಕ್ಷೀಣ ಮೋರ್ಸ್ ಸದ್ದು ಎದ್ದುಬರುವ ಗಳಿಗೆಯಿದೆಯಲ್ಲ, ಅದಕ್ಕಾಗಿಯೇ ಈ ಪೆಟ್ಟಿಗೆಯನ್ನು ಮಾರದೆ ಉಳಿಸಿಕೊಂಡಿದ್ದೇನೆ. ಬ್ಯಾಂಡ್ ಬದಲಿಸಿದರೆ ಇದನ್ನೆಲ್ಲ ಮೊದಲಿನಿಂದ ಮಾಡಬೇಕು. ನನಗೆ ಬೇಸರವಿಲ್ಲ, ಸ್ಪರ್ಧೆಯಲ್ಲಿ ಗಳಿಗೆಗೊಮ್ಮೆ ಬ್ಯಾಂಡ್ ಹಾರುವವರಿಗೆ ಇದು ಹಿಂಸೆ.

ಜೊತೆಗೆ ಬರುವ ಚಾಚು ಕಡ್ಡಿಯ ಆಂಟೆನಾ ನನಗೆ ಉಪಯೋಗಕ್ಕೆ ಬರಲಿಲ್ಲ. ಗದ್ದಲದ ಆಂಟೆನಾಕ್ಕೆ ಗದ್ದಲ ಮುಖ್ಯ ಆಂಟೆನಾಕ್ಕಿಂತ ಚೆನ್ನಾಗಿ ಕೇಳಬೇಕು, ದೂರದ ಸಿಗ್ನಲ್ ಕೇಳಲೇಬಾರದು. ಮೇಜಿನ ಮೇಲೆ ನಿಂತ ಗೇಣುದ್ದದ ಕಡ್ಡಿಗೆ ಅದು ಆಗದ ಮಾತು. ಗದ್ದಲ ಬರುವ ದಿಕ್ಕಿನ ಗೋಡೆಯುದ್ದಕ್ಕೂ ತಗ್ಗಿನಲ್ಲಿ ತಂತಿಯೊಂದನ್ನು ಎಳೆದ ಮೇಲೆ ಪೆಟ್ಟಿಗೆಗೆ ಜೀವ ಬಂತು.

ಇನ್ನು ಜಾಹೀರಾತು ಬಾಯಿಬಿಡದ ಸಂಗತಿ: ಇದು ಒಂದು ಸಲಕ್ಕೆ ಒಂದೇ ಮೂಲದ ಗದ್ದಲವನ್ನು ಅಳಿಸಬಲ್ಲದು. ಪ್ರತಿ ಮೂಲದ ಅಲೆಗಳೂ ಎರಡು ಆಂಟೆನಾಗಳನ್ನು ಬೇರೆ ಬೇರೆ ಬಲ, ಬೇರೆ ಬೇರೆ ಫೇಸ್‌ನಲ್ಲಿ ಮುಟ್ಟುತ್ತವೆ. ಒಂದಕ್ಕೆ ಹೊಂದಿಸಿದ ನಾಬ್ ಇನ್ನೊಂದಕ್ಕೆ ಹೊಂದುವುದಿಲ್ಲ, ಕೆಲವೊಮ್ಮೆ ಅದನ್ನು ಹೆಚ್ಚಿಸುತ್ತದೆ ಕೂಡ. ಮನೆ ತುಂಬ ಎಲ್ಇಡಿ ಬಲ್ಬು, ಚಾರ್ಜರ್, ರೂಟರ್ ಇರುವವರು ಇದನ್ನು ಕೊಂಡು ತಂದರೆ ಮೀಟರ್ ಮುಳ್ಳು ಅಲ್ಲಾಡುವುದೂ ಅನುಮಾನ.

ಆದ್ದರಿಂದ ದುಡ್ಡು ಖರ್ಚು ಮಾಡುವ ಮುನ್ನ ರೇಡಿಯೋವನ್ನು ಬ್ಯಾಟರಿಯಲ್ಲಿ ಓಡಿಸುತ್ತ ಮನೆಯ ಮೇನ್ ಸ್ವಿಚ್ ಆರಿಸಿ. ಗದ್ದಲ ಸತ್ತರೆ ಕಳ್ಳ ಮನೆಯೊಳಗಿದ್ದಾನೆ. ಒಂದೊಂದೇ ಬ್ರೇಕರ್ ಏರಿಸುತ್ತ ಹೋದರೆ ಯಾವ ಕೋಣೆಯೆಂದು ತಿಳಿಯುತ್ತದೆ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಅದು ತಾನೇ ದೊಡ್ಡ ಗದ್ದಲಕೋರ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಓದುವ ದೀಪದ ಡ್ರೈವರ್ (ದೀಪಕ್ಕೆ ವಿದ್ಯುತ್ ಒದಗಿಸುವ ಸರ್ಕ್ಯೂಟ್), ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಆಂಟೆನಾದಂತೆ ಗದ್ದಲ ಬಿತ್ತರಿಸುತ್ತಿದ್ದ ರೂಟರಿನ ಲ್ಯಾನ್ ಕೇಬಲ್. ದೀಪ ಬದಲಿಸಿದೆ. ಉಳಿದೆರಡಕ್ಕೆ ಫೆರೈಟ್ ಉಂಗುರ, ಅಂದರೆ ಕೇಬಲ್ಲಿನಲ್ಲಿ ಹರಿಯುವ ಗದ್ದಲವನ್ನು ತಡೆಯುವ ಕಾಂತೀಯ ಬಳೆ. ಕೇಬಲ್ಲಿಗೆ ಒಂದು ಫೆರೈಟ್ ಕ್ಲಿಪ್ ಸಿಕ್ಕಿಸಿ ಸುಮ್ಮನಾದರೆ 40 ಮೀಟರ್‌ನಲ್ಲಿ ಹೆಚ್ಚೇನೂ ಆಗುವುದಿಲ್ಲ. ಮಿಕ್ಸ್ 31 ಎಂಬ ಬಗೆಯ ಫೆರೈಟಿನ ದೊಡ್ಡ ಉಂಗುರಕ್ಕೆ ಕೇಬಲ್ಲನ್ನು ಹಲವು ಸುತ್ತು ಸುತ್ತಬೇಕು. ಸುತ್ತು ಎರಡರಷ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಕ್ಲಿಪ್ಪನ್ನೇ ಬಳಸುವುದಾದರೆ ಅದರ ಎರಡು ಹೋಳುಗಳು ಬಿಗಿಯಾಗಿ ಕೂಡಿರಬೇಕು, ನಡುವೆ ಸಣ್ಣ ಸಂದು ಬಿಟ್ಟರೂ ಪರಿಣಾಮ ತಗ್ಗುತ್ತದೆ.

ನಮ್ಮ ಮನೆಯ ಗದ್ದಲ ಅಡಗಿದ ಮೇಲೆ ಉಳಿದದ್ದು ಪಕ್ಕದ ಮನೆಯಿಂದ ಕತ್ತಲಾದ ಮೇಲೆ ಬರುವ ಒಂದೇ ಒಂದು ಮೊರೆತ. ಅದಕ್ಕೆ ಈ ಪೆಟ್ಟಿಗೆಯೇ ಮದ್ದು. ಟ್ರಾನ್ಸೀವರಿನ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೋ) ನಾಯ್ಸ್ ಬ್ಲಾಂಕರ್ ಕಿಡಿಯಂತೆ ಚಟಪಟಿಸುವ ಸದ್ದಿಗೆ ಸರಿ, ಇಂಥ ಎಡೆಬಿಡದ ಮೊರೆತ ಅದಕ್ಕೆ ಬಗ್ಗುವುದಿಲ್ಲ. ಡಿಎಸ್‌ಪಿ, ಅಂದರೆ ರೇಡಿಯೋದೊಳಗಿನ ಡಿಜಿಟಲ್ ಸಂಸ್ಕರಣೆ, ಕಿವಿಗೆ ಹಿತವಾಗುವಂತೆ ಮಾಡುತ್ತದೆ. ಪೂರ್ತಿ ಮುಳುಗಿದ ಸಿಗ್ನಲನ್ನು ಎತ್ತಿಕೊಡುವುದಿಲ್ಲ.

ಒಂದು ಎಚ್ಚರಿಕೆ. ಪೆಟ್ಟಿಗೆ ರೇಡಿಯೋ ಮತ್ತು ಆಂಟೆನಾದ ನಡುವೆ ಕೂರುವುದರಿಂದ, ಪ್ರಸಾರದ ವೇಳೆ ಶಕ್ತಿಯನ್ನು ಅದರ ಸರ್ಕ್ಯೂಟ್ ಬಿಟ್ಟು ನೇರ ಆಂಟೆನಾಕ್ಕೆ ಸಾಗಿಸುವ ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಪಿಟಿಟಿ ತಂತಿಯನ್ನು, ಅಂದರೆ ಪ್ರಸಾರ ಶುರುವಾಯಿತೆಂದು ತಿಳಿಸುವ ತಂತಿಯನ್ನು, ಮರೆಯದೆ ಜೋಡಿಸಿ. ಇಲ್ಲವಾದರೆ ಟ್ರಾನ್ಸ್‌ಮಿಟರಿನ ಶಕ್ತಿ ಒಳಗಿನ ನವಿರು ಸರ್ಕ್ಯೂಟಿಗೇ ನುಗ್ಗಬಹುದು.

ಐದರಲ್ಲಿ ಮೂರೂವರೆ ನಕ್ಷತ್ರ. ಕಳೆದ ಒಂದೂವರೆ ಪೂರ್ತಿಯಾಗಿ ಅಡಾಪ್ಟರ್ ಮತ್ತು ಕಡ್ಡಿಯ ಪಾಲಿನದು. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಮೊದಲು ಉಂಗುರಗಳನ್ನು ಕೊಳ್ಳಿ. ಮನೆಯಲ್ಲಿ ಎಲ್ಲವನ್ನೂ ಆರಿಸಿದ ಮೇಲೂ ಒಂದೇ ಮೂಲದ ಗದ್ದಲ ಉಳಿದಿದ್ದರೆ ಮಾತ್ರ ಈ ಪೆಟ್ಟಿಗೆಯತ್ತ ನೋಡಿ.